ಜೊಂಡು ಮೇಷ್ಟರ ಕಿವಿ

ಮನೆಯಿಂದ,
ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕನಿಗೆ ಸಣ್ಣಿಯ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆದೇ ಶುರು ಮಾಡಬೇಕಲ್ಲ, ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆ ಕೂತಿದ್ದರೂ ಉತ್ತರ ಬರೆಯಲಿಲ್ಲ, ಬೈಯಬೇಡ. ಫೋನು ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಮಾತ್ರೆಯ ಹೆಸರು ಹೇಳಿ, ಮೂರು ಹೊತ್ತು ನೀರು ಕುಡಿ ಅಂದು, ವಾರ್ಡಿನಲ್ಲಿ ಗಂಟೆ ಹೊಡೆಯಿತು ಅಂತ ಇಟ್ಟುಬಿಡುತ್ತೀಯ. ಈ ಸಲ ನೀನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಬೇಕು. ಅದಕ್ಕೇ ಕಾಗದ.

ಅಮ್ಮನ ಮಂಡಿ ನೋವು ಪರವಾಗಿಲ್ಲ. ನೀನು ಕಳಿಸಿದ ಪಟ್ಟಿಯನ್ನು ಕಟ್ಟಿಕೊಳ್ಳುತ್ತಾಳೆ, ಯಾರಾದರೂ ಬಂದರೆ ಬಿಚ್ಚಿ ದಿಂಬಿನ ಕೆಳಗೆ ಇಡುತ್ತಾಳೆ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ. ಅಪ್ಪನ ಟಿವಿ ಶಬ್ದ ಎಷ್ಟಿದೆಯೆಂದರೆ ಪಕ್ಕದ ಮನೆಯವರು ತಮ್ಮ ಟಿವಿ ಮಾರಿಬಿಟ್ಟರೂ ನಷ್ಟವಿಲ್ಲ. ಅಪ್ಪನ ಕಿವಿ ತೋರಿಸಿ ಅಂತ ನೀನು ಹೇಳಿದ್ದೆ. ತೋರಿಸಿದೆವು. ತೋರಿಸುವ ಹೊತ್ತಿಗೆ ತಡವಾಗಿತ್ತು, ಮತ್ತು ಈ ಕಾಗದವೆಲ್ಲ ಅದೇ.

ಸೂಜಿಹಕ್ಕಿ ನೆನಪಿದೆಯಾ ನಿನಗೆ? ಡಿಪೋದ ಹಿಂದಿನ ಜೌಗಿನಲ್ಲಿ, ಜೊಂಡಿನೊಳಗೆ ಇರುವ ಬೆರಳುದ್ದದ ಕಂದು ಹಕ್ಕಿ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ಸೂಜಿಹಕ್ಕಿ ಅನ್ನುವುದು ಅಪ್ಪ ಇಟ್ಟ ಹೆಸರು. ಬಟ್ಟೆಯೊಳಗೆ ಸೂಜಿ ಎಳೆದ ಹಾಗೆ ಸಣ್ಣ ದನಿ. ಕಣ್ಣಿಗೆ ಬೀಳುವುದೇ ಇಲ್ಲ. ಅಪ್ಪ ಬೆಳಗಿನ ಹೊತ್ತು ಏರಿಯ ಮೇಲೆ ನಡೆಯುತ್ತ, ಅಲ್ಲಲ್ಲಿ ನಿಂತು ಕಿವಿಗೊಟ್ಟು, ಎಷ್ಟು ಹಕ್ಕಿ ಕೂಗಿದವು ಅಂತ ಎಣಿಸುತ್ತಿದ್ದರು. ಹಿಂದೆ ಬರುವ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮನುಷ್ಯನಿಗೆ ಊರೆಲ್ಲ ಜೊಂಡು ಮೇಷ್ಟರು ಅಂತ ಹೆಸರು ಬಂದದ್ದು ಹಾಗೆ. ಆ ಜೌಗಿಗೆ ಸಂರಕ್ಷಿತ ಪ್ರದೇಶ ಅನ್ನುವ ಬೋರ್ಡು ಬಿದ್ದದ್ದೂ ಅಪ್ಪನ ಎಣಿಕೆಯಿಂದಲೇ.

ನೀನು ಮದುವೆಯಾಗಿ ಹೋದ ಮೇಲೆ, ನಾನು ಓದಲು ಹೊರಗಿದ್ದ ವರ್ಷಗಳಲ್ಲಿ, ಆ ಎಣಿಕೆ ಇಳಿಯುತ್ತಾ ಬಂತು. ಅಪ್ಪ ಕಾರಣ ಹುಡುಕಿದರು. ಮೇಲಿನ ಬಣ್ಣದ ಕಾರ್ಖಾನೆ ಜೌಗಿಗೆ ಬರುವ ಕಾಲುವೆಗೆ ಕೊಳಕು ನೀರು ಬಿಡುತ್ತಿತ್ತು. ಮೀನು, ಬಸವನಹುಳು ಕಡಿಮೆಯಾಗಿದ್ದವು. ಹಕ್ಕಿಯೂ ಹೋಗುತ್ತಿದೆ ಅಂದರು, ಅರ್ಜಿ ಹಾಕಿದರು, ಓಡಾಡಿದರು, ಕೊನೆಗೆ ಕಾರ್ಖಾನೆಯವರು ನೀರು ಶುದ್ಧ ಮಾಡದೆ ಬಿಡಬಾರದು ಅಂತ ಆದೇಶ ತಂದರು. ಊರಲ್ಲಿ ಅಪ್ಪ ಗೆದ್ದದ್ದು ಅದೊಂದೇ. ಮೀನುಗಳು ತಿರುಗಿ ಬಂದವು. ಸೂಜಿಹಕ್ಕಿ ಮಾತ್ರ ಬರಲಿಲ್ಲ. ಮೂರು ವರ್ಷದ ಹಿಂದೆ ಅಪ್ಪ ತಮ್ಮ ವರದಿಯಲ್ಲಿ ‘ಈ ವರ್ಷ ಒಂದೂ ಇಲ್ಲ’ ಅಂತ ಬರೆದು, ಒಂದು ವಾರ ಗಡ್ಡ ಹೆರೆಯದೆ ಕೂತಿದ್ದರಂತೆ. ಅಮ್ಮ ಹೇಳಿದಳು.

ಹೋದ ವರ್ಷ ಗೋದಾಮಿನ ಕಂಪನಿಯೊಂದು ಜೌಗಿಗೆ ಕಣ್ಣು ಹಾಕಿತು. ಮಣ್ಣು ತುಂಬಿ ಲಾರಿ ನಿಲ್ದಾಣ, ಗೋದಾಮು ಕಟ್ಟುತ್ತಾರಂತೆ. ಅವರ ವಾದ ಸರಳ: ಯಾವ ಹಕ್ಕಿಗಾಗಿ ಈ ಜಾಗವನ್ನು ಕಾದಿಟ್ಟಿದ್ದೀರೋ ಅದೇ ಇಲ್ಲವೆಂದು ನಿಮ್ಮ ಮೇಷ್ಟರೇ ಬರೆದಿದ್ದಾರೆ, ಇಲ್ಲದ ಹಕ್ಕಿಗೆ ಮನೆ ಯಾಕೆ?

ನಾನು ಸಂಶೋಧನಾ ಕೇಂದ್ರಕ್ಕೆ ಸೇರಿ ಎರಡು ವರ್ಷವಾಯಿತಲ್ಲ, ನಮ್ಮದು ದನಿಯ ಕೆಲಸ. ಸಣ್ಣ ರೆಕಾರ್ಡರುಗಳನ್ನು ಜೊಂಡಿನಲ್ಲಿ ಕಟ್ಟಿಟ್ಟು ಬರುತ್ತೇವೆ, ಆಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ದನಿಗೂ ಒಂದು ಗೆರೆಯ ಚಿತ್ರ ಬರುತ್ತದೆ. ಕಪ್ಪೆಗಳಿಗಾಗಿ ಕಟ್ಟಿದ್ದೆ. ತೆಗೆದು ನೋಡಿದರೆ ಪರದೆಯ ಮೇಲ್ತುದಿಯಲ್ಲಿ, ಯಾರೋ ಪೆನ್ಸಿಲಿನಿಂದ ಗೀಚಿದ ಹಾಗೆ, ಸಣ್ಣ ಸಣ್ಣ ಗೆರೆ. ದನಿ ಹಾಕಿ ಕೇಳಿದೆ. ಸೂಜಿಹಕ್ಕಿ. ಇನ್ನೊಂದು ರೆಕಾರ್ಡರು ತೆಗೆದೆ, ಅದರಲ್ಲೂ. ಜೌಗಿನ ಒಂದು ಮೂಲೆಯೂ ಬಿಡದೆ ಕೂಗುತ್ತಿದ್ದವು ಅಕ್ಕ. ಕೇಂದ್ರದ ಮೆಟ್ಟಿಲನ್ನು ನಾನು ಹೇಗೆ ಇಳಿದೆನೋ ಗೊತ್ತಿಲ್ಲ, ನನ್ನ ಚಪ್ಪಲಿ ಬದಲು ಯಾರದೋ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದೆ.

ಅಪ್ಪ ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದರು. “ಅಪ್ಪ, ಏನೂ ಕೇಳಬೇಡಿ, ಇದನ್ನು ಮಾತ್ರ ಕೇಳಿ” ಅಂತ ಹೆಡ್‌ಫೋನು ತಲೆಗೆ ಸಿಗಿಸಿದೆ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಅವರು ಏರಿಯ ಮೇಲೆ ನಿಲ್ಲುತ್ತಿದ್ದ ಹಾಗೇ ತಲೆ ಸ್ವಲ್ಪ ವಾಲಿಸಿ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ಯಾವಾಗ ಶುರುವಾಗುತ್ತೆ?”

ಅದು ಆಗಲೇ ಕೂಗುತ್ತಿತ್ತು ಅಕ್ಕ. ಗೆರೆಗಳು ನನ್ನ ಕಣ್ಣೆದುರೇ ಸಾಗುತ್ತಿದ್ದವು. ಹೆಡ್‌ಫೋನು ಕೆಟ್ಟಿರಬೇಕು ಅಂದುಕೊಂಡು ತೆಗೆದು, ಸ್ಪೀಕರಿನಲ್ಲಿ ಜೋರಾಗಿ ಹಾಕಿದೆ. “ಗಾಳಿ ಚೆನ್ನಾಗಿ ಬಂದಿದೆ” ಅಂದರು ಅಪ್ಪ. “ಜೊಂಡು ಉಜ್ಜೋ ಸದ್ದೂ ಇದೆ.”

ಅಷ್ಟರಲ್ಲಿ ಅಮ್ಮ ಸಾಬೂನಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. “ಇದು ಆ ಹಕ್ಕಿ ಅಲ್ವೇನೆ? ಎಷ್ಟು ವರ್ಷ ಆಯ್ತು ಇದನ್ನ ಕೇಳಿ” ಅಂದಳು.

ಅಪ್ಪ ಅವಳನ್ನು ನೋಡಿದರು. “ನಿನಗೆ ಅಲ್ಲಿಗೆ ಕೇಳಿಸ್ತಾ?”

“ಕೇಳಿಸ್ದೇ ಏನು, ಕಿವಿಗೆ ಚುಚ್ಚೋ ಹಾಗೆ ಕೂಗ್ತಿದೆ” ಅಂದವಳು, ನಮ್ಮಿಬ್ಬರ ಮುಖ ನೋಡಿ, ಸೆರಗಿಗೆ ಕೈ ಒರೆಸುತ್ತಾ ನಿಂತುಬಿಟ್ಟಳು.

ನಾನು ನಿಲ್ಲಿಸಲು ಹೋದೆ. ಅಪ್ಪ ನನ್ನ ಕೈ ಹಿಡಿದು “ಇರಲಿ, ಓಡಲಿ” ಅಂದರು. ಅದು ಮುಗಿಯುವ ತನಕ, ತಮಗೆ ಕೇಳಿಸದ ಹಕ್ಕಿಯ ಗೆರೆಗಳನ್ನು ಪರದೆಯ ಮೇಲೆ ನೋಡುತ್ತಾ ಕೂತರು. ಆಮೇಲೆ ನಕ್ಕರು. ನಾಟಕದ ನಗು ಅಲ್ಲ. “ಹಾಗಾದರೆ ಇದೆ” ಅಂದರು. “ನನಗೆ ಕೇಳಿಸದಿದ್ದರೆ ಕತ್ತೆ ಬಾಲ, ಅದು ಇದೆಯಲ್ಲ.” ಆ ಸಂಜೆಯೇ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ “ಸತ್ತಿದ್ದು ಹಕ್ಕಿಯಲ್ಲಪ್ಪ, ನನ್ನ ಕಿವಿ” ಅಂತ ಹೇಳಿಕೊಂಡು ತಿರುಗಿದರು. ಅಷ್ಟು ಹಗುರಾಗಿದ್ದ ಅಪ್ಪನನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ.

ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ದನಿ ಹೋಗಿ ಹತ್ತು ವರ್ಷದ ಮೇಲಾಗಿರಬೇಕು ಅಂದರು. ವಯಸ್ಸಾಗುತ್ತಾ ಮೊದಲು ಹೋಗುವುದೇ ಅದಂತೆ. ಮಾತು ಕೇಳಿಸುತ್ತಿರುತ್ತದೆ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಈಗ ಮಾತೂ ಮಸುಕಾಗುತ್ತಿದೆ ಅಂತ ಒಂದು ಕಿವಿ ಮಿಷನ್ ಕೊಟ್ಟರು.

ಅಪ್ಪನಿಗೆ ಇದ್ದದ್ದು ಒಂದೇ ಯೋಚನೆ. ಹಕ್ಕಿ ಇದೆ, ಅಂದರೆ ಜೌಗು ಉಳಿಯಿತು. “ಅಹವಾಲು ಸಭೆಯಲ್ಲಿ ನೀನೇ ಹೇಳು, ನಿನ್ನ ಯಂತ್ರ ಹೇಳಿದ್ದನ್ನ ಹೇಳು. ನನ್ನ ಕಿವಿ ವಿಚಾರಾನೂ ಮುಚ್ಚಿಡಬೇಡ. ವಿಜ್ಞಾನದಲ್ಲಿ ತಪ್ಪು ತಿದ್ದಿಕೊಳ್ಳೋದು ಮರ್ಯಾದೆ” ಅಂದರು. ನಾನು ಅದನ್ನು ನಂಬಿದೆ. ನಮ್ಮಪ್ಪ ಹೇಳಿಕೊಟ್ಟದ್ದೇ ಅದನ್ನು ತಾನೆ.

ಜೌಗು ತುಂಬಬೇಕೇ ಬೇಡವೇ ಅಂತ ಸಮಿತಿಯವರು ಕರೆದ ಆ ಸಭೆ ಪುರಸಭೆಯ ಹಾಲಿನಲ್ಲಿ. ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು, ಮಾತಾಡಿದಾಗೆಲ್ಲ ಕೂಗುವ ಮೈಕು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮೈಕಿನ ಕೂಗಿಗೆ ಕಿವಿ ಮಿಷನ್ ಕೀಂಯ್ ಅನ್ನತೊಡಗಿತು. ಕಿತ್ತು ಜೇಬಿಗೆ ಹಾಕಿಕೊಂಡರು. ಕಂಪನಿಯ ಪರವಾಗಿ ಪರಿಸರ ವರದಿ ಬರೆದಿದ್ದವನು ಎದ್ದು ನಿಂತ. ಯಾರು ಗೊತ್ತಾ? ಉದ್ದಣ್ಣ. ನೀನು ಇನ್ನೂ ಇಲ್ಲೇ ಇದ್ದಾಗಿನಿಂದ, ನೀನು ಹೋದ ಮೇಲೂ, ಅಪ್ಪನ ಚೀಲ ಹೊತ್ತುಕೊಂಡು ಏರಿ ತಿರುಗುತ್ತಿದ್ದನಲ್ಲ, ನಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ಬಡಿಸಿಕೊಳ್ಳುತ್ತಾನೆ ಅಂತ ಅಮ್ಮ ಚೌಕಟ್ಟಿಗೆ ಬಟ್ಟೆ ಸುತ್ತಿದ್ದಳಲ್ಲ, ಅವನೇ. ಈಗ ಅವನಿಗೆ ಸ್ವಂತ ಕಚೇರಿ ಇದೆ, ಕಾರಿದೆ. ಬಂದವನೇ ಅಪ್ಪನ ಕಾಲು ಮುಟ್ಟಿದ. ಅಪ್ಪ ಬೆನ್ನು ತಟ್ಟಿದರು.

ನಾನು ದನಿ ಕೇಳಿಸಿದೆ, ಚಿತ್ರ ತೋರಿಸಿದೆ. ಸಮಿತಿಯ ಅಧ್ಯಕ್ಷೆ ತಲೆದೂಗಿದರು. ಗೆದ್ದೆವು ಅಂದುಕೊಂಡೆ. ಆಮೇಲೆ ಉದ್ದಣ್ಣ ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಕೇಳತೊಡಗಿದ.

“ಅಂದರೆ ಹಕ್ಕಿ ಕಡಿಮೆ ಆಗಲೇ ಇಲ್ಲ, ಅಲ್ವಾ ಮೇಡಂ?”

“ಆಗಿಲ್ಲ ಅಂತ ಕಾಣುತ್ತೆ.”

“ಕಾರ್ಖಾನೆಯ ನೀರಿನಿಂದ ಹಕ್ಕಿ ಹೋಯ್ತು ಅಂತ ನಮ್ಮ ಗುರುಗಳು ಬರೆದಿದ್ದು ಹಾಗಾದರೆ ಸರಿಯಲ್ಲ.”

“ಹಕ್ಕಿಯ ಮಟ್ಟಿಗೆ ಸರಿಯಲ್ಲ. ಆದರೆ ಮೀನು, ಬಸವನಹುಳು...”

“ಹಕ್ಕಿಯ ವಿಷಯ ಮಾತ್ರ ಸಾಕು ಮೇಡಂ. ಕಿವಿಯಿಂದ ಎಣಿಸಿದ್ದು ಇದೊಂದೇನಾ? ಕಪ್ಪೆಗಳೂ ಹಾಗೇ ಅಲ್ವಾ? ಬೇರೆ ಹಕ್ಕಿಗಳೂ?”

ನಾನು ಹೌದು ಅಂದೆ. ಬಲೆ ಹಾಕಿ ಎಣಿಸಿದ್ದು ಬೇರೆ, ಅದನ್ನು ವಿದ್ಯಾರ್ಥಿಗಳು ಕೈಯಾರೆ ಎಣಿಸಿದ್ದು, ಅದರಲ್ಲಿ ತಪ್ಪಿಲ್ಲ ಅಂತ ಹೇಳಲು ಹೊರಟೆ. ಮೈಕು ಕೂಗಿತು. ಅವನು ತಾಳ್ಮೆಯಿಂದ ಕಾದು, ಕೊನೆಯ ಪ್ರಶ್ನೆ ಕೇಳಿದ: “ಮಗಳಾಗಿ ಅಲ್ಲ, ವಿಜ್ಞಾನಿಯಾಗಿ ಹೇಳಿ. ಈ ಹತ್ತು ವರ್ಷದ ಎಣಿಕೆಯನ್ನ ನೀವು ನಿಮ್ಮ ಕೆಲಸಕ್ಕೆ ನಂಬಿ ಬಳಸ್ತೀರಾ? ಹೌದು ಅಥವಾ ಇಲ್ಲ.”

ನಾನು ಉತ್ತರ ಕೊಟ್ಟೆ. ಹಾಲಿನಲ್ಲಿದ್ದವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪ ನನ್ನನ್ನೇ ನೋಡುತ್ತಾ ಮುಗುಳ್ನಗುತ್ತಿದ್ದರು.

ಸಭೆ ಮುಗಿದ ಮೇಲೆ ಹೊರಗೆ ಮೆಟ್ಟಿಲ ಹತ್ತಿರ ಉದ್ದಣ್ಣ ತಾನಾಗೇ ಬಂದ. “ತಪ್ಪು ತಿಳ್ಕೋಬೇಡ ಸಣ್ಣಿ. ನನಗೆ ಅವತ್ತೇ ಗೊತ್ತಿತ್ತು. ಹಕ್ಕಿ ಪಕ್ಕದಲ್ಲೇ ಕೂಗ್ತಿರೋದು, ಸಾರ್ ‘ಇಲ್ಲಿ ಇಲ್ಲ, ಮುಂದೆ ನಡೀರಿ’ ಅನ್ನೋರು. ನಾನು ಸೊನ್ನೆ ಬರೀತಿದ್ದೆ” ಅಂದ.

“ಅವತ್ತೇ ಯಾಕೆ ಹೇಳ್ಲಿಲ್ಲ?” ಅಂದೆ.

“ಗುರುಗಳಿಗೆ ಹೇಗೆ ಹೇಳೋದು?”

“ಇವತ್ತು ಹೇಗೆ ಹೇಳಿದೆ?”

ಅವನು ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿಕೊಂಡ. “ಇವತ್ತೂ ನಾನು ಹೇಳಲಿಲ್ಲವಲ್ಲ. ಹೇಳಿದ್ದು ನೀನು.”

ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ, ಆದರೆ ಅವನ ಕೆನ್ನೆ ನನ್ನ ಕೈಗೆ ಎಟುಕುವ ಎತ್ತರದಲ್ಲಿಲ್ಲ.

ಮೂರು ವಾರದಲ್ಲಿ ಆದೇಶ ಬಂತು. ಅದರ ಒಂದು ಸಾಲು ನನಗೆ ಬಾಯಿಪಾಠ ಆಗಿದೆ: ‘ಸದರಿ ಹಕ್ಕಿಯು ಮಾನವ ಚಟುವಟಿಕೆಯ ನಡುವೆಯೂ ಹೇರಳವಾಗಿ ಬದುಕಿರುವುದು ಸಾಬೀತಾಗಿರುವುದರಿಂದ ವಿಶೇಷ ರಕ್ಷಣೆಯ ಅಗತ್ಯ ಕಂಡುಬರುವುದಿಲ್ಲ.’ ಮೊದಲು ಹಕ್ಕಿ ಇಲ್ಲ, ಆದ್ದರಿಂದ ಜಾಗ ಬೇಡ. ಈಗ ಹಕ್ಕಿ ಇದೆ, ಆದ್ದರಿಂದ ಜಾಗ ಬೇಡ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇಲ್ಲಿ ದರಿಯನ್ನೂ ಪುಲಿಯನ್ನೂ ಸಾಕಿದವರು ಒಬ್ಬರೇ. ಅಪ್ಪನ ಮೂವತ್ತು ವರ್ಷದ ಸಮೀಕ್ಷೆಗೆ ‘ವಿಶ್ವಾಸಾರ್ಹವಲ್ಲ’ ಅಂತ ಒಂದೇ ಪದ. ಕಿವಿಯಿಂದ ಎಣಿಸಿದ್ದು, ಕಣ್ಣಿನಿಂದ ಎಣಿಸಿದ್ದು, ಬಲೆಯಿಂದ ಎಣಿಸಿದ್ದು, ಎಲ್ಲವೂ ಒಂದೇ ಗುಂಡಿಗೆ.

ಬಣ್ಣದ ಕಾರ್ಖಾನೆಯವರು ಸುಮ್ಮನಿರುತ್ತಾರಾ? ಹಳೆಯ ಆದೇಶ ತಪ್ಪು ಲೆಕ್ಕದ ಮೇಲೆ ನಿಂತಿದೆ ಅಂತ ಅರ್ಜಿ ಹಾಕಿದರು. ಅರ್ಜಿ ಇನ್ನೂ ವಿಚಾರಣೆಯಲ್ಲಿದೆ, ಆದರೆ ಕಳೆದ ವಾರ ನಾನು ಹೋದಾಗ ಕಾಲುವೆಯಲ್ಲಿ ನೇರಳೆ ನೀರು ಹರಿಯುತ್ತಿತ್ತು. ಪಕ್ಕದಲ್ಲಿ ಹೆಂಗಸೊಬ್ಬಳು ಬಟ್ಟೆ ಒಗೆಯಲು ಬಂದವಳು ನೋಡಿ, ಬುಟ್ಟಿ ಎತ್ತಿಕೊಂಡು ವಾಪಸು ಹೋದಳು.

ಜೌಗಿನ ಡಿಪೋ ಕಡೆಯ ಭಾಗಕ್ಕೆ ಮಣ್ಣು ಬಿದ್ದಾಗಿದೆ. ನನ್ನ ರೆಕಾರ್ಡರುಗಳನ್ನು ಬಿಚ್ಚಿ ತಂದೆ. ಒಂದರಲ್ಲಿ ಜೆಸಿಬಿಯ ಸದ್ದಿನ ನಡುವೆ ಹಕ್ಕಿ ಇನ್ನೂ ಕೂಗುತ್ತಿದೆ. ಜೊಂಡು ಇರುವ ತನಕ ಅದು ಕೂಗುತ್ತದೆ, ಅದಕ್ಕೆ ಆದೇಶ ಓದಲು ಬರುವುದಿಲ್ಲ.

ಮೇಲಿಂದ ಇನ್ನೊಂದು ಕೇಳು. ನನ್ನ ಪ್ರಬಂಧ ಅಚ್ಚಾಗಿದೆ. ‘ಕೇಳುಗನ ವಯಸ್ಸು ಮತ್ತು ಪಕ್ಷಿ ಸಮೀಕ್ಷೆಯಲ್ಲಿ ಸುಳ್ಳು ಇಳಿಕೆ’ ಅಂತ. ಬೇರೆ ಬೇರೆ ಕಡೆಯಿಂದ ಮೆಚ್ಚಿ ಬರೆಯುತ್ತಿದ್ದಾರೆ, ತಮ್ಮಲ್ಲೂ ಹೀಗೇ ಆಗಿರಬಹುದು ಅನ್ನುತ್ತಿದ್ದಾರೆ. ನಮ್ಮ ಕೇಂದ್ರದ ನಿರ್ದೇಶಕರು ಎಲ್ಲರೆದುರು ಚಪ್ಪಾಳೆ ತಟ್ಟಿಸಿದರು. ವಿಜ್ಞಾನಕ್ಕೆ ಒಳ್ಳೆಯದೇ ಆಗಿದೆ ಅಕ್ಕ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಸುಳ್ಳು ಹೇಳಿ ಸೋತಿದ್ದರೆ ಪ್ರಾಯಶ್ಚಿತ್ತ ಅಂತ ಏನಾದರೂ ಇರುತ್ತಿತ್ತು.

ನೀನು ಈಗ ರಜೆ ಹಾಕಿ ಓಡಿ ಬರಬೇಡ. ಬಂದು ಮಾಡುವಂಥದ್ದು ಏನೂ ಉಳಿದಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ನಿಧಾನಕ್ಕೆ ಬಾ. ದೊಡ್ಡವನಿಗೆ ಗಣಿತ ಹತ್ತದಿದ್ದರೆ ಬೈಯಬೇಡ, ನಮ್ಮ ವಂಶದಲ್ಲಿ ಎಣಿಸಿದವರಿಗೆ ಸಿಕ್ಕಿದ್ದು ಇಷ್ಟೇ. ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ತುಂಬು ಆಶೀರ್ವಾದ. ಚೆನ್ನಾಗಿ ಬೆಳೆಯಲಿ, ತಮಗೆ ಇಷ್ಟವಾದದ್ದನ್ನು ಓದಲಿ. ಅಮ್ಮ ನಿನಗೆ ಒಳ್ಳೆಯದಾಗಲಿ ಅಂತ ಬರೆಯಲು ಹೇಳಿದ್ದಾಳೆ, ಮಂಡಿ ಪಟ್ಟಿ ದಿನಾ ಕಟ್ಟಿಕೊಳ್ಳುತ್ತೇನೆ ಅಂತಲೂ ಬರೆ ಅಂದಳು. ಬರೆದಿದ್ದೇನೆ.

ಇಂತಿ ನಿನ್ನ ತಂಗಿ,
ಸಣ್ಣಿ

ತಾ.ಕ.: ಕಾಗದ ಮಡಿಸಿ ಕವರಿಗೆ ಹಾಕಿ ಮತ್ತೆ ತೆಗೆದೆ. ಹೇಳಬೇಕಾಗಿದ್ದನ್ನು ಬಿಟ್ಟು ಊರ ಸುದ್ದಿಯೆಲ್ಲ ಬರೆದಿದ್ದೇನೆ.

ಉದ್ದಣ್ಣನ ಕೊನೆಯ ಪ್ರಶ್ನೆಗೆ ನಾನು ‘ಇಲ್ಲ’ ಅಂದಿದ್ದೆ. ಅಪ್ಪನಿಗೆ ಅದು ಕೇಳಿಸಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ “ಕೊನೆಗೆ ಏನಂದೆ? ಎಲ್ಲರೂ ನನ್ನ ಕಡೆ ತಿರುಗಿದ್ರಲ್ಲ” ಅಂತ ಕೇಳಿದರು. ಮಿಷನ್ ಇನ್ನೂ ಜೇಬಿನಲ್ಲೇ ಇತ್ತು, ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು “ಹೌದು ಅಂದೆ ಅಪ್ಪ” ಅಂದೆ. ನನ್ನ ಕೈ ಹಿಡಿದುಕೊಂಡು ಮನೆ ಬರುವ ತನಕ ಬಿಡಲಿಲ್ಲ.

ಮರುದಿನ ಪತ್ರಿಕೆಯಲ್ಲಿ ‘ಅಪ್ಪನ ಲೆಕ್ಕ ನಂಬಲಾರೆ: ಮಗಳು’ ಅಂತ ಬಂತು. ಓದಿ ಅಪ್ಪ ಕೆಂಡವಾದರು, ನನ್ನ ಮೇಲಲ್ಲ, ಪತ್ರಿಕೆಯ ಮೇಲೆ. ಹುಡುಗಿ ಹೇಳಿದ್ದು ಒಂದು, ಇವರು ಬರೆದಿದ್ದು ಒಂದು ಅಂತ ಸಂಪಾದಕರಿಗೆ ಎರಡು ಪುಟ ಬರೆದು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟು ತಂದು ಮುಂದಿಟ್ಟರು. ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟರು. ನಾನು ಸಹಿ ಮಾಡುವ ಜಾಗದಲ್ಲಿ ‘ಅಪ್ಪ, ನಾನು ಇಲ್ಲ ಅಂದಿದ್ದೆ’ ಅಂತ ಬರೆದೆ. ಬಾಯಲ್ಲಿ ಹೇಳಿದರೆ ಕೂಗಿ ಹೇಳಬೇಕಾಗಿತ್ತು, ಅದನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ.

ಓದಿದರು. ಕಾಗದ ಮಡಿಸಿದರು. ಪೆನ್ನಿಗೆ ಮುಚ್ಚಳ ಹಾಕಿದರು. “ಸರಿಯಾಗೇ ಹೇಳಿದ್ದೀರಿ” ಅಂದರು.

ಮೊದಲು ನನಗೆ ಹೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಹೊಳೆಯಿತು. “ನೀವು ಕಾಫಿ ಕುಡಿದ್ರಾ?” ಅಂದರು. ಸಂಜೆ “ಇವತ್ತು ತಡ ಮಾಡಿ ಬಂದ್ರಲ್ಲ” ಅಂದರು. ಅಂದಿನಿಂದ ಹೀಗೇ, ಬ್ಯಾಂಕಿನವರ ಹತ್ತಿರ ಮಾತಾಡುವ ಹಾಗೆ. ನನ್ನನ್ನು ಎತ್ತಿಕೊಂಡು ಏರಿಯ ಮೇಲೆ ನಡೆದ ಅಪ್ಪ. ಅಮ್ಮ ಜಗಳ ಮಾಡಿದಳು, ಅತ್ತಳು, ಏನ್ರೀ ಇದು ಹೆತ್ತ ಮಗಳಿಗೆ ಅಂದಳು. “ಅವರು ತಿಳಿದವರು, ಮರ್ಯಾದೆ ಕೊಡಬೇಕು” ಅಂದರಂತೆ.

ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕ. ದನಿಯಲ್ಲಿ ಕೋಪವೇ ಇಲ್ಲ. ನಾನು ಕಿವಿಗೊಟ್ಟು ಹುಡುಕಿದ್ದೇನೆ.